ಸ್ಪೇನ್‌ಗೆ ಹೊರಟವರಿಗೆ: ಐದು ಊರು, ಯಾವುದು ನಿಮ್ಮದು?

ನಾನು ವೆಲೆನ್ಸಿಯಾಗೆ ಬಂದ ಎರಡನೇ ವಾರ, ನಮ್ಮ ಕಟ್ಟಡದ ಲಿಫ್ಟ್ ಪಕ್ಕ ಒಂದು ಚೀಟಿ ಅಂಟಿಸಿದ್ದರು. ಬೆಂಗಳೂರಿನಲ್ಲಿ ಆರು ತಿಂಗಳು ಸ್ಪ್ಯಾನಿಷ್ ಕಲಿತು ಹೋಗಿದ್ದೆ, ಧೈರ್ಯವಾಗಿ ಓದೋಕೆ ನಿಂತೆ. ಅರ್ಧಕ್ಕರ್ಧ ತಲೆಗೆ ಹತ್ತಲಿಲ್ಲ. ಮಂಗಳವಾರಕ್ಕೆ 'ಮಾರ್ತೆಸ್' ಅಂತ ಕಲಿತಿದ್ದೆ, ಅಲ್ಲಿದ್ದದ್ದು 'ದಿಮಾರ್ಟ್ಸ್'. ನೀರಿಗೆ 'ಆಗ್ವಾ' ಅಂತ ಕಲಿತಿದ್ದೆ, ಅಲ್ಲಿದ್ದದ್ದು 'ಐಗುವಾ'. ಏನೋ ಅಪಾರ್ಟ್‌ಮೆಂಟ್ ಮೀಟಿಂಗ್ ಇರಬೇಕು ಅಂತ ಸುಮ್ನಾದೆ. ಮಂಗಳವಾರ ಬೆಳಿಗ್ಗೆ ತಲೆಗೆ ಶಾಂಪೂ ಹಚ್ಚಿಕೊಂಡು ನಿಂತಾಗ ನಲ್ಲಿ ಬಂದ್ ಆಯಿತು. ಚೀಟಿ ಬರೆದಿದ್ದದ್ದು ಸ್ಪ್ಯಾನಿಷ್‌ನಲ್ಲಲ್ಲ, ವೆಲೆನ್ಸಿಯನ್‌ನಲ್ಲಿ. ಅಂಥದ್ದೊಂದು ಭಾಷೆ ಇದೆ ಅಂತ ನನಗೆ ಆ ಬೆಳಿಗ್ಗೆವರೆಗೆ ಗೊತ್ತೇ ಇರಲಿಲ್ಲ.

ಈಗ ಯಾರಾದರೂ "ಅಣ್ಣಾ, ಮ್ಯಾಡ್ರಿಡ್ ಒಳ್ಳೇದಾ, ಬಾರ್ಸಿಲೋನಾ ಒಳ್ಳೇದಾ?" ಅಂತ ಕೇಳಿದರೆ ಮೊದಲು ಈ ಶಾಂಪೂ ಕಥೆ ಹೇಳುತ್ತೇನೆ. ಕೇಳುವವರೂ ಈಚೆಗೆ ಜಾಸ್ತಿ ಆಗಿದ್ದಾರೆ. ಎಂಬಿಎಗೆ ಸೀಟು ಸಿಕ್ಕ ಹುಡುಗರು, ಕಂಪನಿ ಕೆಲಸವನ್ನೇ ಅಲ್ಲಿ ಕೂತು ಮಾಡುತ್ತೇವೆ ಅನ್ನುವವರು, ಹೆಂಡತಿಗೋ ಗಂಡನಿಗೋ ವರ್ಗವಾಗಿ ಮಕ್ಕಳ ಸಮೇತ ಹೊರಟವರು. 2024ರಲ್ಲಿ ಬಾರ್ಸಿಲೋನಾದಲ್ಲಿ ಭಾರತದ ಕಾನ್ಸುಲೇಟ್ ಶುರುವಾಯಿತು. ಬೆಂಗಳೂರಿನಲ್ಲಿ ತಮ್ಮದೊಂದು ಕಾನ್ಸುಲೇಟ್ ತೆರೆಯುವುದಾಗಿ ಸ್ಪೇನ್ ಕೂಡ ಅದೇ ವರ್ಷ ಹೇಳಿತು. ಈ ಪ್ರಶ್ನೆ ಇನ್ನೂ ಹೆಚ್ಚಾಗುತ್ತೆ ಅಂತ ಒಂದೇ ಸಲ ಕೂತು ಬರೆಯುತ್ತಿದ್ದೇನೆ.

ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ. ವೆಲೆನ್ಸಿಯಾದಲ್ಲಿ ಮೂರು ವರ್ಷ ಇದ್ದೆ, ಈಗ ಮ್ಯಾಡ್ರಿಡ್‌ನಲ್ಲಿದ್ದೇನೆ. ಬಾರ್ಸಿಲೋನಾಗೆ ಕೆಲಸದ ಮೇಲೆ ಹೋಗಿ ಬರುತ್ತಿರುತ್ತೇನೆ. ಸೆವಿಲ್ಲೆಯಲ್ಲಿ (ಅಲ್ಲಿಯವರ ಬಾಯಲ್ಲಿ ಸೆವಿಯಾ) ಒಂದು ಜುಲೈ ತಿಂಗಳು ಕಳೆದಿದ್ದೇನೆ, ಅದು ನನ್ನದೇ ಪೆದ್ದುತನ. ಬಿಲ್ಬಾವೊದಲ್ಲಿ ಸ್ನೇಹಿತನಿದ್ದಾನೆ.

ಯಾವುದರ ಮೇಲೆ ತೂಗೋದು?

ನನ್ನ ಪ್ರಕಾರ ನಾಲ್ಕು ವಿಷಯ: ಭಾಷೆ, ಬಾಡಿಗೆ, ಕೆಲಸ, ಬಿಸಿಲು. ರಾಜಕೀಯ ಬೇರೆ ವಿಷಯ ಅಂತ ಅನ್ನಿಸಬಹುದು, ಆದರೆ ಅದು ಮೊದಲ ಮೂರರ ಒಳಗೇ ಕೂತಿದೆ. ಸ್ಪೇನ್‌ನಲ್ಲಿ 17 ಸ್ವಾಯತ್ತ ಪ್ರದೇಶಗಳಿವೆ. ಆಸ್ಪತ್ರೆ, ಶಾಲೆ, ಬಾಡಿಗೆ ಕಾನೂನು ಜಾರಿ ಮಾಡೋದು ಬಿಡೋದು, ಇವೆಲ್ಲ ಆಯಾ ಪ್ರದೇಶದ ಸರ್ಕಾರದ ಕೈಯಲ್ಲಿ. ಅಂದರೆ ಊರು ಆರಿಸಿದಾಗ ನೀವು ಒಂದು ಸರ್ಕಾರವನ್ನೂ ಆರಿಸಿದ ಹಾಗೆ. ವೋಟು ಹಾಕುವ ಹಕ್ಕಿಲ್ಲ ಅಷ್ಟೇ. ಬೀಚ್ ನನ್ನ ಪಟ್ಟಿಯಲ್ಲಿಲ್ಲ. ಬೀಚ್ ಫೋಟೋ ನೋಡಿ ಊರು ಆರಿಸಿದವನು ನಾನೇ, ವರ್ಷಕ್ಕೆ ಹತ್ತು ಸಲ ಹೋದರೆ ಹೆಚ್ಚು.

ಭಾಷೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಸ್ಪ್ಯಾನಿಷ್ ಅನ್ನೋದನ್ನು ಅಲ್ಲಿ ಎಷ್ಟೋ ಜನ ಕಾಸ್ತೆಯಾನೊ ಅನ್ನುತ್ತಾರೆ, ಅದು ದೇಶದಲ್ಲೆಲ್ಲ ನಡೆಯುತ್ತದೆ. ಆದರೆ ಕ್ಯಾಟಲೋನಿಯಾ, ವೆಲೆನ್ಸಿಯಾ, ಬಾಸ್ಕ್ ನಾಡು, ಗಲಿಸಿಯಾದಂಥ ಕಡೆ ಆ ನೆಲದ ಭಾಷೆಯೂ ಅಧಿಕೃತ. ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ಇವನ್ನು ಶಾಲೆ, ಕಚೇರಿಗಳಿಂದ ಹೊರಗಿಟ್ಟಿದ್ದರು. 1975ರಲ್ಲಿ ಆತ ಸತ್ತ, 1978ರಲ್ಲಿ ಹೊಸ ಸಂವಿಧಾನ ಬಂತು, ಆಮೇಲೆ ಒಂದೊಂದಾಗಿ ವಾಪಸ್ ಬಂದವು. 2023ರ ಸೆಪ್ಟೆಂಬರ್‌ನಿಂದ ಸಂಸತ್ತಿನ ಕೆಳಮನೆಯಲ್ಲೂ ಕ್ಯಾಟಲನ್, ಬಾಸ್ಕ್, ಗಲಿಸಿಯನ್ ಮಾತಾಡಬಹುದು. ಉಳಿದವರು ಇಯರ್‌ಫೋನ್ ಸಿಕ್ಕಿಸಿಕೊಂಡು ಅನುವಾದ ಕೇಳುತ್ತಾರೆ. ಮೊದಲ ದಿನ ಬಲಪಂಥದ ವಾಕ್ಸ್ ಪಕ್ಷದವರು ಆ ಇಯರ್‌ಫೋನ್‌ಗಳನ್ನು ಪ್ರಧಾನಿಯ ಖಾಲಿ ಕುರ್ಚಿ ಮೇಲೆ ಗುಡ್ಡೆ ಹಾಕಿ ಎದ್ದು ಹೋದರು. ಭಾಷೆ ಅಲ್ಲಿ ಎಷ್ಟು ಬಿಸಿ ಅನ್ನೋದಕ್ಕೆ ಇದು ಸಾಕು.

ಇನ್ನು ದುಡ್ಡು. 2025ರಲ್ಲಿ ಸ್ಪೇನ್‌ನ ಕನಿಷ್ಠ ವೇತನ 1,184 ಯೂರೋ ಇತ್ತು. ತಿಂಗಳಿಗೆ ಒಂದರಂತೆ 12 ಸಲ, ಬೇಸಿಗೆಗೊಂದು ಕ್ರಿಸ್‌ಮಸ್‌ಗೊಂದು ಸೇರಿ ಒಟ್ಟು 14 ಸಲ ಕೊಡುತ್ತಾರೆ. ವಿದ್ಯಾರ್ಥಿ ವೀಸಾಗೆ ತಿಂಗಳಿಗೆ 600 ಯೂರೋ ಲೆಕ್ಕದಲ್ಲಿ ಹಣ ತೋರಿಸಬೇಕು. ಇದನ್ನು ನೋಡಿ "ಅಷ್ಟರಲ್ಲೇ ಆಗುತ್ತೆ" ಅಂತ ಬರುವವರಿದ್ದಾರೆ. ಬಾರ್ಸಿಲೋನಾದಲ್ಲಿ ಆ 600 ಪೂರ್ತಿ ಒಂದು ಕೋಣೆಯ ಬಾಡಿಗೆಗೇ ಹೋಗುತ್ತದೆ. ಓದುತ್ತಾ ವಾರಕ್ಕೆ 30 ಗಂಟೆವರೆಗೆ ಕೆಲಸ ಮಾಡಬಹುದು ಅನ್ನೋದೊಂದು ಸಮಾಧಾನ. ದೂರದಿಂದ ಕೆಲಸ ಮಾಡುವವರ ವೀಸಾ 2023ರಲ್ಲಿ ಶುರುವಾಯಿತು. ಅದಕ್ಕೆ ಕನಿಷ್ಠ ವೇತನದ ಎರಡರಷ್ಟು ಸಂಪಾದನೆ ತೋರಿಸಬೇಕು.

ಬಾರ್ಸಿಲೋನಾ

ಎಲ್ಲರ ಮೊದಲ ಆಯ್ಕೆ ಇದೇ. ಎಲ್ಲರ ಮೊದಲ ಆಯ್ಕೆ ಆಗಿರೋದೇ ಇದರ ತೊಂದರೆ.

2024ರಲ್ಲಿ ಸ್ಪೇನ್‌ಗೆ ಬಂದ ವಿದೇಶಿ ಪ್ರವಾಸಿಗರು ಸುಮಾರು 9.4 ಕೋಟಿ. ಇಡೀ ದೇಶದ ಜನಸಂಖ್ಯೆ 5 ಕೋಟಿಗೂ ಸ್ವಲ್ಪ ಕಡಿಮೆ. ಬಾಡಿಗೆ ಮನೆಗಳೆಲ್ಲ ಪ್ರವಾಸಿಗಳ ಫ್ಲ್ಯಾಟ್ ಆದವು. ಆ ವರ್ಷ ಜುಲೈನಲ್ಲಿ ಬಾರ್ಸಿಲೋನಾದ ಜನ ಮೆರವಣಿಗೆ ಹೊರಟು, ಹೋಟೆಲ್ ಹೊರಗೆ ಊಟ ಮಾಡುತ್ತಿದ್ದ ಪ್ರವಾಸಿಗರ ಮೇಲೆ ಆಟದ ಪಿಸ್ತೂಲಿನಿಂದ ನೀರು ಹಾರಿಸಿದ್ದು ಪ್ರಪಂಚದ ಸುದ್ದಿಯಾಯಿತು. ಮೇಯರ್ ಜೌಮೆ ಕೊಲ್ಬೋನಿ ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿ ಫ್ಲ್ಯಾಟ್‌ಗಳ ಪರವಾನಗಿಯನ್ನು 2028ರ ನವೆಂಬರ್ ಹೊತ್ತಿಗೆ ಮುಗಿಸಿಬಿಡುತ್ತೇವೆ ಅಂದಿದ್ದಾರೆ.

ಬಾಡಿಗೆಗೆ ಮಿತಿ ಹಾಕುವ ಕಾನೂನು 2023ರಲ್ಲಿ ಬಂತು, ಬಾರ್ಸಿಲೋನಾ ಇರುವ ಕ್ಯಾಟಲೋನಿಯಾ ಅದನ್ನು 2024ರ ಮಾರ್ಚ್‌ನಿಂದ ಜಾರಿ ಮಾಡಿತು. ಕೇಳೋಕೆ ಚೆಂದ. ಆದರೆ ಓನರ್‌ಗಳು ರಂಗೋಲಿ ಕೆಳಗೆ ನುಗ್ಗಿದರು. ವರ್ಷಗಟ್ಟಲೆ ಬಾಡಿಗೆಗೆ ಮಿತಿ ಇದೆಯಾ? ಹಾಗಾದರೆ 11 ತಿಂಗಳ 'ತಾತ್ಕಾಲಿಕ' ಕರಾರು. ಹೊರಗಿನಿಂದ ಬರುವ ನಮ್ಮಂಥವರ ಕೈಗೆ ಜಾಸ್ತಿ ಸಿಗುವುದು ಈ ಕರಾರೇ. ಏಜೆಂಟ್ ಕಮಿಷನ್ನನ್ನು ಓನರ್ ಕೊಡಬೇಕು ಅಂತಲೂ ಅದೇ ಕಾನೂನು ಹೇಳುತ್ತದೆ. ನನಗೆ ಪರಿಚಯದ ಹುಡುಗಿಗೆ ಒಂದು ಏಜೆನ್ಸಿಯವರು 'ಕಾನೂನು ಸಲಹಾ ಶುಲ್ಕ' ಅಂತ ಬಿಲ್ ಕೊಟ್ಟರು. ಸಲಹೆ ಏನು ಅಂತ ಕೇಳಿದ್ದಕ್ಕೆ, ಸಹಿ ಎಲ್ಲಿ ಹಾಕಬೇಕು ಅಂತ ತೋರಿಸಿದರಂತೆ.

ಕೋಣೆಯೊಂದಕ್ಕೆ 550ರಿಂದ 750 ಯೂರೋ ಇಟ್ಟುಕೊಳ್ಳಿ. ಇಡೀ ಫ್ಲ್ಯಾಟ್ ಬೇಕು ಅಂದರೆ ಇಬ್ಬರೂ ದುಡಿಯಬೇಕು.

ಭಾಷೆಗೆ ಬರೋಣ. ಸ್ಪ್ಯಾನಿಷ್ ಒಂದರಲ್ಲೇ ಬಾರ್ಸಿಲೋನಾದಲ್ಲಿ ಬದುಕಬಹುದಾ? ಬದುಕಬಹುದು, ತುಂಬ ಜನ ಬದುಕುತ್ತಿದ್ದಾರೆ. ಕ್ಯಾಟಲೋನಿಯಾದಲ್ಲಿ ದಿನಬಳಕೆಗೆ ಮುಖ್ಯವಾಗಿ ಕ್ಯಾಟಲನ್ನನ್ನೇ ಬಳಸುವವರು ಈಗ ಮೂವರಲ್ಲಿ ಒಬ್ಬರು ಅಷ್ಟೇ. ಆ ಕಡಿಮೆಯಾಗುತ್ತಿರುವ ಲೆಕ್ಕವೇ ಅವರ ನೋವು. ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದು "ಕನ್ನಡ ಗೊತ್ತಿಲ್ಲ" ಅನ್ನುವವರನ್ನು ನೋಡಿದ ನಮಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿ ಆ 'ಹೊರಗಿನವರು' ನಾವೇ. ನಾನು ಬ್ರೆಡ್ ಅಂಗಡಿಗೆ ಹೋದಾಗ 'ಬ್ವೆನೋಸ್ ದಿಯಾಸ್' ಬದಲು 'ಬೊನ್ ದಿಯಾ' ಅಂದು ನೋಡಿದೆ. ಗಲ್ಲಾದಲ್ಲಿ ಕೂತಿದ್ದ ಅಜ್ಜಿ ತಲೆ ಎತ್ತಿ ನೋಡಿ, ಬ್ರೆಡ್ ಜೊತೆ ಒಂದು ಬಿಸ್ಕೆಟ್ ಇಟ್ಟು ಕೊಟ್ಟಳು. ಎರಡು ಪದಕ್ಕೆ ಒಂದು ಬಿಸ್ಕೆಟ್.

ಮಕ್ಕಳಿರುವವರು ಇಲ್ಲಿ ನಿಂತು ಯೋಚಿಸಬೇಕು. ಕ್ಯಾಟಲೋನಿಯಾದ ಸರ್ಕಾರಿ ಶಾಲೆಗಳಲ್ಲಿ ಪಾಠ ಮುಖ್ಯವಾಗಿ ಕ್ಯಾಟಲನ್‌ನಲ್ಲಿ. ನಾಲ್ಕೈದು ವರ್ಷದ ಮಗುವಾದರೆ ಆರು ತಿಂಗಳಲ್ಲಿ ನಿಮಗೇ ಪಾಠ ಹೇಳುತ್ತದೆ. ಹದಿಮೂರು ಹದಿನಾಲ್ಕು ವರ್ಷದ ಮಗುವನ್ನು ಎರಡೇ ವರ್ಷಕ್ಕೆ ಅಂತ ಕರೆದುಕೊಂಡು ಹೋಗುತ್ತೀರಾದರೆ, ಎರಡು ಹೊಸ ಭಾಷೆ ಒಟ್ಟಿಗೆ ಹೊರಿಸಬೇಕಾ ಅಂತ ಕೇಳಿಕೊಳ್ಳಿ. ಇಂಟರ್‌ನ್ಯಾಷನಲ್ ಶಾಲೆಗಳಿವೆ, ಫೀಸು ಕೇಳಿದ ಮೇಲೆ ಮತ್ತೆ ಯೋಚಿಸಬೇಕಾಗುತ್ತದೆ.

ಸ್ಪೇನ್‌ನಿಂದ ಬೇರೆಯಾಗಬೇಕು ಅನ್ನುವ ಕ್ಯಾಟಲೋನಿಯಾದ ಸ್ವಾತಂತ್ರ್ಯದ ಗಲಾಟೆ ಬಗ್ಗೆ ಎಲ್ಲರೂ ಕೇಳುತ್ತಾರೆ. 2017ರ ಅಕ್ಟೋಬರ್ 1ರ ಜನಮತಗಣನೆ, ಪೊಲೀಸರ ಲಾಠಿ, ನಾಯಕರು ಜೈಲು ಸೇರಿದ್ದು, ಆಗ ಅಲ್ಲಿನ ಸರ್ಕಾರದ ಅಧ್ಯಕ್ಷರಾಗಿದ್ದ ಪುಜ್ದೆಮೋನ್ ಬೆಲ್ಜಿಯಂಗೆ ಹೋದದ್ದು, ಇದೆಲ್ಲ ಬೀದಿಯಲ್ಲಿ ಈಗ ತಣ್ಣಗಾಗಿದೆ. 2024ರಲ್ಲಿ ಕ್ಷಮಾದಾನ ಕಾನೂನು ಬಂತು, ಅದೇ ಆಗಸ್ಟ್‌ನಲ್ಲಿ ಸಮಾಜವಾದಿ ಪಕ್ಷದ ಸಾಲ್ವಡೋರ್ ಇಯ್ಯಾ ಅಲ್ಲಿನ ಸರ್ಕಾರದ ಅಧ್ಯಕ್ಷರಾದರು. ಬಾಲ್ಕನಿಗಳಲ್ಲಿ ಬಾವುಟ ಇವೆ, ಬಿಸಿಲಿಗೆ ಬಣ್ಣ ಹೋಗಿವೆ. ಊಟದ ಮೇಜಿನಲ್ಲಿ ಮಾತ್ರ ನೀವಾಗಿ ಆ ವಿಷಯ ಎತ್ತಬೇಡಿ.

ನಮ್ಮ ಅಡುಗೆ ಸಾಮಾನಿಗೆ ರವಾಲ್ ಅನ್ನುವ ಬಡಾವಣೆ ಇದೆ. ಹೆಚ್ಚಿನ ಅಂಗಡಿಗಳು ಪಾಕಿಸ್ತಾನದವರದ್ದು. ಮೂಲೆ ಅಂಗಡಿಗೇ ಅಲ್ಲಿ 'ಪಾಕಿ' ಅನ್ನುವ ಹೆಸರು ಬಿದ್ದುಬಿಟ್ಟಿದೆ. ನಿಮ್ಮನ್ನೂ ಹಾಗೇ ಅಂದುಕೊಳ್ಳುತ್ತಾರೆ. ಒಮ್ಮೊಮ್ಮೆ ಆ ಮಾತಿನಲ್ಲಿ ತಾತ್ಸಾರವೂ ಇರುತ್ತದೆ. ಕರಿಬೇವು ಕೊಡುವಾಗ ಆ ಅಂಗಡಿಯವರು ತೋರಿಸುವ ಅಕ್ಕರೆ ಬೇರೆಲ್ಲೂ ಸಿಗಲ್ಲ ಅನ್ನೋದೂ ಅಷ್ಟೇ ನಿಜ.

ಹೋಗಬೇಕಾದವರು: ಐಇಎಸ್ಇ, ಇಸಾಡೆಯಂಥ ಬಿಸಿನೆಸ್ ಸ್ಕೂಲ್ ಸೇರುವವರು, ಸ್ಟಾರ್ಟ್‌ಅಪ್ ಕೆಲಸದವರು, ಇಂಗ್ಲಿಷ್ ಒಂದರಲ್ಲೇ ಮೊದಲ ವರ್ಷ ತಳ್ಳಬೇಕಾದವರು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಬೇಡ.

ಮ್ಯಾಡ್ರಿಡ್

ಇಲ್ಲಿ ಒಂದೇ ಭಾಷೆ. ಅದೊಂದೇ ಕಾರಣಕ್ಕೆ ಇದು ಅರ್ಧ ಸಲೀಸು. ಸ್ಪ್ಯಾನಿಷ್ ಕಲಿತಷ್ಟೂ ಉಪಯೋಗಕ್ಕೆ ಬರುತ್ತದೆ. ಉಚ್ಚಾರ ಸ್ಪಷ್ಟ, ಪುಸ್ತಕದಲ್ಲಿ ಕಲಿತದ್ದಕ್ಕೆ ಹತ್ತಿರ. ಇಂಗ್ಲಿಷ್ ನಂಬಿಕೊಂಡು ಹೋದರೆ ಬಾರ್ಸಿಲೋನಾಕ್ಕಿಂತ ಕಷ್ಟ.

ಕೆಲಸ ಅಂತ ನೋಡಿದರೆ ದೇಶದಲ್ಲೇ ಹೆಚ್ಚು ಅವಕಾಶ ಇಲ್ಲಿದೆ. ಬ್ಯಾಂಕು, ಕನ್ಸಲ್ಟಿಂಗ್, ಐಟಿ, ದೊಡ್ಡ ಕಂಪನಿಗಳ ಹೆಡ್ ಆಫೀಸು ಎಲ್ಲ ಇಲ್ಲೇ. ವೇಗದ ರೈಲುಗಳೂ ಇಲ್ಲಿಂದಲೇ ಕವಲೊಡೆಯುತ್ತವೆ. ವೆಲೆನ್ಸಿಯಾಕ್ಕೆ ಎರಡು ಗಂಟೆಯೊಳಗೆ, ಸೆವಿಯಾಕ್ಕೂ ಬಾರ್ಸಿಲೋನಾಕ್ಕೂ ಎರಡೂವರೆ ಗಂಟೆ ಚಿಲ್ಲರೆ. 2021ರಿಂದ ಬೇರೆ ಕಂಪನಿಗಳ ರೈಲುಗಳ ಪೈಪೋಟಿ ಬಂದು ಟಿಕೆಟ್ ಇಳಿದಿದೆ. ಮೊದಲೇ ಬುಕ್ ಮಾಡಿದರೆ ವಾರಾಂತ್ಯಕ್ಕೆ ಸಮುದ್ರ ನೋಡಿ ಬರಬಹುದು.

ಬಾಡಿಗೆಯಲ್ಲಿ ಬಾರ್ಸಿಲೋನಾಗೆ ಏನೂ ಕಮ್ಮಿ ಇಲ್ಲ. ಬಾಡಿಗೆ ಮಿತಿಯ ಕಾನೂನನ್ನು ಮ್ಯಾಡ್ರಿಡ್ ಪ್ರದೇಶದ ಸರ್ಕಾರ ಜಾರಿ ಮಾಡೋದೇ ಇಲ್ಲ ಅಂದಿದೆ. 2019ರಿಂದ ಅಲ್ಲಿನ ಅಧ್ಯಕ್ಷೆ ಪೀಪಲ್ಸ್ ಪಾರ್ಟಿಯ ಇಸಾಬೆಲ್ ದಿಯಾಸ್ ಅಯುಸೊ. 2018ರಿಂದ ದೇಶದ ಪ್ರಧಾನಿ ಸಮಾಜವಾದಿ ಪೆದ್ರೊ ಸಾಂಚೆಸ್. ಇಬ್ಬರ ಕಚೇರಿಯೂ ಒಂದೇ ಊರಿನಲ್ಲಿ, ಇಬ್ಬರಿಗೂ ದಿನಾ ಜಗಳ. ತೆರಿಗೆ ಕಡಿಮೆ, ಅಂಗಡಿ ಯಾವಾಗ ಬೇಕಾದರೂ ತೆರೆಯಿರಿ ಅನ್ನೋದು ಅಯುಸೊ ಧಾಟಿ. ಸಂಬಳ ಚೆನ್ನಾಗಿದ್ದವರಿಗೆ ಇದು ಅನುಕೂಲ. ಸರ್ಕಾರಿ ಆಸ್ಪತ್ರೆಗೆ ದುಡ್ಡು ಸಾಲುತ್ತಿಲ್ಲ ಅಂತ ಬಿಳಿ ಕೋಟು ಹಾಕಿಕೊಂಡು ಡಾಕ್ಟರ್‌ಗಳು ಬೀದಿಗಿಳಿದದ್ದೂ ಇದೇ ಊರಿನಲ್ಲಿ. ಎರಡನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಹೊರಗಿನವರು ಅನ್ನಿಸಿಕೊಳ್ಳದೆ ಬೆರೆತುಹೋಗೋದು ಇಲ್ಲಿ ಸುಲಭ. ಅರ್ಧ ಊರೇ ಬೇರೆ ಊರಿನದು. ಲ್ಯಾಟಿನ್ ಅಮೆರಿಕದಿಂದ ಬಂದವರು ಬಹಳ. ಅವರಿಗೂ ನಮಗೂ ಒಂದು ವ್ಯತ್ಯಾಸ ಇದೆ: ಕಾನೂನಿನಂತೆ ಎರಡು ವರ್ಷ ಇದ್ದರೆ ಅವರು ಪೌರತ್ವಕ್ಕೆ ಅರ್ಜಿ ಹಾಕಬಹುದು, ನಮಗೆ ಹತ್ತು ವರ್ಷ. ಕಚೇರಿ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಪೆರು ದೇಶದವನು ಈಗ ಸ್ಪೇನ್ ಪಾಸ್‌ಪೋರ್ಟ್ ಹಿಡಿದು ಓಡಾಡುತ್ತಿದ್ದಾನೆ. ನಾನಿನ್ನೂ ವಾಸದ ಪರವಾನಗಿ ಕಾರ್ಡು ರಿನ್ಯೂ ಮಾಡಿಸುತ್ತಾ ಇದ್ದೇನೆ.

ಹವೆ ಬಗ್ಗೆ ಅವರದೇ ಗಾದೆ ಇದೆ, 'ನುಯೆವೆ ಮೆಸೆಸ್ ದೆ ಇನ್ವಿಯೆರ್ನೊ, ತ್ರೆಸ್ ದೆ ಇನ್ಫಿಯೆರ್ನೊ'. ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ. ಆಗಸ್ಟ್‌ನಲ್ಲಿ ಊರು ಖಾಲಿ, ನಿಮ್ಮ ನೆಚ್ಚಿನ ಹೋಟೆಲ್ಲಿಗೂ ಬೀಗ. ಮನೆ ಹುಡುಕುತ್ತಾ ಆಗಸ್ಟ್‌ನಲ್ಲಿ ಬಂದಿಳಿಯಬೇಡಿ, ಫೋನ್ ಎತ್ತುವವರೂ ಇರುವುದಿಲ್ಲ. ಸಾಸಿವೆ, ತೊಗರಿಬೇಳೆಗೆ ಲಾವಾಪಿಯೆಸ್ ಕಡೆ ಬಾಂಗ್ಲಾದವರ ಅಂಗಡಿಗಳಿವೆ.

ವೆಲೆನ್ಸಿಯಾ

ನಾನು ಇದ್ದ ಊರು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ.

ಊರಿನ ನಡುವೆ ತುರಿಯಾ ನದಿ ಹರಿಯುತ್ತಿತ್ತು. 1957ರಲ್ಲಿ ಅದು ಉಕ್ಕಿ ಊರನ್ನು ಮುಳುಗಿಸಿತು. ಆಮೇಲೆ ನದಿಯನ್ನೇ ಎತ್ತಿ ಊರಿನ ದಕ್ಷಿಣಕ್ಕೆ ಹೊಸ ಕಾಲುವೆಯಲ್ಲಿ ಹರಿಸಿದರು. ಖಾಲಿಯಾದ ಹಳೆ ಪಾತ್ರದಲ್ಲಿ ಹೆದ್ದಾರಿ ಮಾಡಬೇಕು ಅಂತಿತ್ತು, ಜನ ಬಿಡಲಿಲ್ಲ. ಈಗ ಅದು ಕಿಲೋಮೀಟರ್‌ಗಟ್ಟಲೆ ಉದ್ದದ ಪಾರ್ಕು. ಹಳೆ ಸೇತುವೆಗಳು ಹಾಗೇ ಇವೆ, ಕೆಳಗೆ ನೀರಿನ ಬದಲು ಮಕ್ಕಳು, ಸೈಕಲ್ಲು, ಕಿತ್ತಳೆ ಗಿಡ. ಸಂಜೆ ಆಫೀಸ್ ಮುಗಿಸಿ ನದಿಯೊಳಗೆ ನಡೆದುಕೊಂಡು ಮನೆಗೆ ಹೋಗುತ್ತಿದ್ದೆ.

2024ರ ಅಕ್ಟೋಬರ್ 29ರಂದು ಮತ್ತೆ ಪ್ರವಾಹ ಬಂತು. ಆ ಹೊಸ ಕಾಲುವೆ ಊರನ್ನು ಉಳಿಸಿತು. ಕಾಲುವೆಯ ಆಚೆ ಇದ್ದ ಪೈಪೋರ್ತಾ, ಕತರ್ರೋಜಾದಂಥ ಊರುಗಳಲ್ಲಿ ಹಳ್ಳದ ನೀರು ಮನೆಮನೆಗೆ ನುಗ್ಗಿತು. ಸತ್ತವರು 220ಕ್ಕೂ ಹೆಚ್ಚು. ಮೊಬೈಲ್‌ಗೆ ಎಚ್ಚರಿಕೆ ಬಂದದ್ದು ರಾತ್ರಿ 8:11ಕ್ಕೆ, ಆಗಲೇ ಎಷ್ಟೋ ಜನ ನೀರಿನಲ್ಲಿದ್ದರು. ಮಾರನೇ ದಿನದಿಂದ ನಗರದ ಹುಡುಗ ಹುಡುಗಿಯರು ಪೊರಕೆ, ಸಲಿಕೆ ಹೆಗಲಿಗೆ ಹಾಕಿಕೊಂಡು ಸೇತುವೆ ದಾಟಿ ಕೆಸರು ಬಾಚೋಕೆ ಸಾಲುಸಾಲಾಗಿ ನಡೆದರು. ಆ 8:11ರ ಸಿಟ್ಟು ಆರಲಿಲ್ಲ. ತಿಂಗಳು ತಿಂಗಳು ಮೆರವಣಿಗೆ ನಡೆದು, ಪ್ರದೇಶದ ಅಧ್ಯಕ್ಷ ಕಾರ್ಲೋಸ್ ಮಸೋನ್ ಒಂದು ವರ್ಷ ಕಳೆದ ಮೇಲೆ 2025ರ ನವೆಂಬರ್‌ನಲ್ಲಿ ರಾಜೀನಾಮೆ ಹೇಳಿದರು.

ಮನೆ ಹುಡುಕೋರಿಗೆ ಇದರಿಂದ ಏನು ತಿಳಿಯಬೇಕು? ಕಾಲುವೆಯ ದಕ್ಷಿಣಕ್ಕೆ ಬಾಡಿಗೆ ಅಗ್ಗ ಸಿಗಬಹುದು. ತಗೊಳ್ಳೋದಾದರೆ ನೆಲಮಹಡಿ ಬೇಡ, ಕಾರಿದ್ದರೆ ನೆಲಮಾಳಿಗೆಯ ಪಾರ್ಕಿಂಗ್ ಬೇಡ. ಅಲ್ಲಿ ಮನೆ ನೋಡೋಕೆ ಹೋದಾಗ ಗೋಡೆ ಮೇಲೆ ಕೆಸರಿನ ಗೆರೆ ಎಲ್ಲಿವರೆಗಿದೆ ಅಂತ ಪಕ್ಕದ ಮನೆಯವರನ್ನು ಕೇಳಿ. ಹೊಸದಾಗಿ ಬಣ್ಣ ಹೊಡೆದಿದ್ದರೆ ಖಂಡಿತ ಕೇಳಿ.

ಬಾಡಿಗೆ ನಾನು ಬಂದಾಗ ಇದ್ದ ಹಾಗೆ ಈಗಿಲ್ಲ. ಮ್ಯಾಡ್ರಿಡ್, ಬಾರ್ಸಿಲೋನಾ ದುಬಾರಿ ಅಂತ ಎಲ್ಲರೂ ಇಲ್ಲಿಗೆ ಬಂದರು. ಕೋಣೆಗೆ 400ರಿಂದ 500. ಆದರೂ ಆ ಎರಡಕ್ಕಿಂತ ವಾಸಿ. ಸಂಬಳವೂ ಅಷ್ಟೇ ಕಡಿಮೆ, ಸ್ಥಳೀಯ ಕೆಲಸಗಳೂ ಕಡಿಮೆ. ಹೊರಗಿನ ಸಂಬಳ ತರುವವರಿಗೆ ಇದು ಹೇಳಿ ಮಾಡಿಸಿದ ಊರು. ಊರಿನವರಿಗೆ ಬಾಡಿಗೆ ಏರಿಸಿದವರೂ ಅವರೇ ಅನ್ನುವ ಅಸಮಾಧಾನ ಕಿವಿಗೆ ಬೀಳುತ್ತದೆ. ಅದರಲ್ಲಿ ಸತ್ಯ ಇಲ್ಲ ಅಂತ ಹೇಳಲಾರೆ, ನಾನೂ ಹಾಗೆ ಬಂದವನೇ.

ಭಾಷೆ: ವೆಲೆನ್ಸಿಯನ್ ಅಂದರೆ ಭಾಷಾತಜ್ಞರ ಪ್ರಕಾರ ಕ್ಯಾಟಲನ್ನೇ. ಊರಿನಲ್ಲಿ ಹಾಗಂದರೆ ಕೆಲವರಿಗೆ ಸಿಟ್ಟು, ಹಾಗನ್ನದಿದ್ದರೆ ಕೆಲವರಿಗೆ ಸಿಟ್ಟು. ನಗರದಲ್ಲಿ ಸ್ಪ್ಯಾನಿಷ್ ಮಾತೇ ಜಾಸ್ತಿ, ಹಳ್ಳಿ ಕಡೆ ವೆಲೆನ್ಸಿಯನ್. 2025ರಲ್ಲಿ ಮಕ್ಕಳ ಪಾಠ ಯಾವ ಭಾಷೆಯಲ್ಲಿ ಆಗಬೇಕು ಅಂತ ಪೋಷಕರಿಂದ ವೋಟು ಹಾಕಿಸಿದರು. ವೆಲೆನ್ಸಿಯನ್ ಕೂದಲೆಳೆಯಲ್ಲಿ ಗೆದ್ದಿತು. ಶಾಲೆ ಆರಿಸುವಾಗ ಅಲ್ಲಿ ಯಾವ ಭಾಷೆ ಮುಖ್ಯ ಅಂತ ಕೇಳಿಯೇ ಸೇರಿಸಿ.

ಅನ್ನ ಇಲ್ಲದೆ ಆಗಲ್ಲ ಅನ್ನುವವರಿಗೆ ಒಳ್ಳೇ ಸುದ್ದಿ. ಊರಿನ ಪಕ್ಕದಲ್ಲೇ ಅಲ್ಬುಫೆರಾ ಕೆರೆ, ಸುತ್ತಲೂ ಗದ್ದೆ. ಅಗಲ ಬಾಣಲೆಯಲ್ಲಿ ಮಾಡುವ ಅನ್ನದ ಅಡುಗೆ ಪಯೆಯ್ಯಾ ಹುಟ್ಟಿದ್ದು ಇಲ್ಲಿ. ನಿಜವಾದ ವೆಲೆನ್ಸಿಯಾ ಪಯೆಯ್ಯಾದಲ್ಲಿ ಕೋಳಿ, ಮೊಲ, ಹುರುಳಿಕಾಯಿ, ಅಗಲವಾದ ಬಿಳಿ ಅವರೆಯಂಥ ಒಂದು ಕಾಳು ಇರುತ್ತವೆ. ಮಧ್ಯಾಹ್ನವೇ ಉಣ್ಣಬೇಕು, ರಾತ್ರಿ ಕೇಳಿದರೆ ನೀವು ಪ್ರವಾಸಿ ಅಂತ ಗೊತ್ತಾಗಿಬಿಡುತ್ತದೆ. ತಳ ಹಿಡಿದ ಸೀಕಲಿಗೆ 'ಸೊಕರ್ರಾತ್' ಅನ್ನುತ್ತಾರೆ, ಅದಕ್ಕೆ ಮನೆಮಂದಿ ಕಿತ್ತಾಡುತ್ತಾರೆ. ಸಸ್ಯಾಹಾರಿಗಳಿಗೆ ತರಕಾರಿ ಪಯೆಯ್ಯಾ ಸಿಗುತ್ತದೆ, ಸಾರು ಯಾವುದರದು ಅಂತ ಕೇಳಬೇಕು. ಅಂದ ಹಾಗೆ ಇದು ಇಡೀ ಸ್ಪೇನ್‌ಗೆ ಹೇಳುವ ಮಾತು: 'ಸಿನ್ ಕಾರ್ನೆ', ಮಾಂಸ ಬೇಡ, ಅಂದರೆ ಸಾಲದು. ಸಲಾಡ್ ಮೇಲೆ ಟ್ಯೂನಾ ಮೀನು ಹರಡಿ ತಂದಿಡುತ್ತಾರೆ. ಅವರ ಲೆಕ್ಕದಲ್ಲಿ ಮೀನು ಮಾಂಸದಲ್ಲಿ ಬರಲ್ಲ.

ಪಟಾಕಿ ಸದ್ದು ಆಗದವರು ಮಾರ್ಚ್‌ನಲ್ಲಿ ಊರು ಬಿಡಬೇಕು. ಫಾಯ್ಯಾಸ್ ಹಬ್ಬಕ್ಕೆ ಮಾರ್ಚ್ 1ರಿಂದ 19ರವರೆಗೆ ದಿನಾ ಮಧ್ಯಾಹ್ನ ಎರಡಕ್ಕೆ ನಗರಸಭೆ ಎದುರು ಸಿಡಿಮದ್ದಿನ ಸರ ಹಚ್ಚುತ್ತಾರೆ. ಬಣ್ಣ ನೋಡೋಕಲ್ಲ, ಸದ್ದಿನ ತಾಳ ಕೇಳೋಕೆ. ಎದೆ ಅದುರುತ್ತದೆ. ನನ್ನ ಆಫೀಸಿನವರು ಊಟದ ಸಮಯವನ್ನೇ ಅದಕ್ಕೆ ಹೊಂದಿಸಿಕೊಂಡಿದ್ದರು.

ಸೆವಿಯಾ

ಐದರಲ್ಲಿ ಅಗ್ಗ ಇದೇ. ಕೋಣೆ 350ರಿಂದ 450ಕ್ಕೆ ಸಿಗುತ್ತದೆ. ಜನ ಐದು ನಿಮಿಷದಲ್ಲಿ ಮಾತಿಗೆ ಎಳೆಯುತ್ತಾರೆ. ಆದರೆ ಪದದ ಕೊನೆಯ 'ಸ್' ನುಂಗಿಬಿಡುತ್ತಾರೆ. 'ಮಾಸ್ ಒ ಮೆನೊಸ್' ಅನ್ನೋದು 'ಮಾ ಒ ಮೆನೊ' ಆಗುತ್ತದೆ. ಮೊದಲ ತಿಂಗಳು ನಾನು ಕಲಿತದ್ದು ಯಾವ ಭಾಷೆ ಅಂತ ಅನುಮಾನ ಬರುತ್ತದೆ. ಇಲ್ಲಿ ಕಿವಿ ಪಳಗಿದರೆ ಸ್ಪ್ಯಾನಿಷ್ ಮಾತಾಡುವ ಯಾವ ದೇಶಕ್ಕೂ ಹೋಗಬಹುದು.

ಕೆಲಸ ಕಷ್ಟ. ಸೆವಿಯಾ ಇರುವ ಆಂಡಲೂಸಿಯಾದಲ್ಲಿ ನಿರುದ್ಯೋಗ ದೇಶದ ಸರಾಸರಿಗಿಂತ ಯಾವಾಗಲೂ ಮೇಲೆ. ಓದೋಕೆ ಹೋಗಿ, ಸ್ಪ್ಯಾನಿಷ್ ಕಲಿಯೋಕೆ ಹೋಗಿ. ಹೊಟ್ಟೆಪಾಡಿಗೆ ಕೆಲಸ ಅಲ್ಲೇ ಹುಡುಕುತ್ತೇನೆ ಅಂದರೆ ಬೇಡ.

ಬಿಸಿಲು ಬೇರೆ. 2022ರ ಜುಲೈನಲ್ಲಿ ಈ ಊರಿನವರು ಬಿಸಿಗಾಳಿಗೆ ಚಂಡಮಾರುತಕ್ಕೆ ಇಟ್ಟ ಹಾಗೆ ಹೆಸರಿಟ್ಟರು, 'ಸೋಯೆ' ಅಂತ. ನಾನು ಚಳ್ಳಕೆರೆಯವನು, ಬಿಸಿಲು ಏನು ಹೊಸದಾ ಅಂತ ಜುಲೈನಲ್ಲೇ ಹೋದೆ. ನಮ್ಮಲ್ಲಿ ಆರೂವರೆಗೆ ಸೂರ್ಯ ಮುಳುಗುತ್ತಾನೆ, ಅಂಗಳಕ್ಕೆ ನೀರು ಚಿಮುಕಿಸಿ ಕೂತರೆ ತಂಪು. ಅಲ್ಲಿ ರಾತ್ರಿ ಒಂಬತ್ತೂವರೆಗೂ ಬಿಸಿಲು. 1940ರಲ್ಲಿ ಫ್ರಾಂಕೊ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡಿದ, ಯಾರೂ ವಾಪಸ್ ತಿರುಗಿಸಲಿಲ್ಲ. ಊಟ ರಾತ್ರಿ ಹತ್ತಕ್ಕೆ ಯಾಕೆ ಅಂತ ಆಶ್ಚರ್ಯ ಪಡುವವರಿಗೆ ಇದೂ ಒಂದು ಕಾರಣ. ಮನೆ ನೋಡುವಾಗ ಎಸಿ ಇದೆಯಾ, ಕಿಟಕಿಯ ಪೆರ್ಸಿಯಾನಾ, ಅಂದರೆ ಹೊರಗಿನ ಉರುಳು ಶಟರ್, ಸರಿಯಾಗಿ ಇಳಿಯುತ್ತಾ, ಎರಡನ್ನೂ ನೋಡಿ. ಬೆಳಿಗ್ಗೆ ಹನ್ನೊಂದಕ್ಕೆ ಅದನ್ನು ಇಳಿಸಿ ಕತ್ತಲು ಮಾಡಿಕೊಂಡರೆ ಮಾತ್ರ ದಿನ ದೂಡಬಹುದು.

ಬೀದಿಯಲ್ಲೆಲ್ಲ ಕಿತ್ತಳೆ ಮರ. ಕಿತ್ತು ಬಾಯಿಗೆ ಹಾಕಬೇಡಿ, ಕಹಿ. ನಮ್ಮ ಹೇರಳೆಕಾಯಿ ನೆನಪಾಗುತ್ತದೆ. ಅದರಲ್ಲಿ ಚಿತ್ರಾನ್ನ ಮಾಡಿ ಪಕ್ಕದ ಮನೆಗೂ ಕೊಟ್ಟ ಹಾಸನದ ಒಬ್ಬರು ಗೊತ್ತು ನನಗೆ.

ಬಿಲ್ಬಾವೊ

ಮಳೆ ಇಷ್ಟ ಇದ್ದವರು ಮುಂದೆ ಓದಿ. 'ಸಿರಿಮಿರಿ' ಅಂತ ಅವರು ಕರೆಯೋದು ನಮ್ಮ ಸೋನೆ ಮಳೆಯನ್ನೇ. ನನ್ನ ಸ್ನೇಹಿತ ತೀರ್ಥಹಳ್ಳಿಯವನು, ಅವನಿಗೆ ಮನೆಗೆ ಬಂದ ಹಾಗಿದೆಯಂತೆ. ನನಗೆ ಮೂರನೇ ದಿನಕ್ಕೆ ಬಟ್ಟೆ ಒಣಗಲ್ಲ ಅನ್ನುವ ಚಿಂತೆ.

ಹಡಗು, ಉಕ್ಕಿನ ಊರು. ಕಾರ್ಖಾನೆ ಮುಚ್ಚಿದ ಮೇಲೆ 1997ರಲ್ಲಿ ನದಿ ದಂಡೆಯಲ್ಲಿ ಗುಗೆನ್‌ಹೈಮ್ ಮ್ಯೂಸಿಯಂ ಬಂತು, ಊರಿನ ಹಣೆಬರಹ ಬದಲಾಯಿತು. ಕೈಗಾರಿಕೆ ಪೂರ್ತಿ ಹೋಗಿಲ್ಲ, ಎಂಜಿನಿಯರ್‌ಗಳಿಗೆ ಕೆಲಸ ಇದೆ. ಬಿಲ್ಬಾವೊ ಇರುವ ಬಾಸ್ಕ್ ನಾಡು ತನ್ನ ತೆರಿಗೆಯನ್ನು ತಾನೇ ವಸೂಲಿ ಮಾಡಿ, ಕೇಂದ್ರಕ್ಕೆ ಒಂದು ಪಾಲು ಕೊಡುತ್ತದೆ. ಈ ಹಕ್ಕು ಎಲ್ಲ ಪ್ರದೇಶಗಳಿಗೂ ಇಲ್ಲ. ಅದರ ಫಲ ಆಸ್ಪತ್ರೆ, ಬಸ್ಸು, ರಸ್ತೆಯಲ್ಲಿ ಕಾಣುತ್ತದೆ. ಬಾಡಿಗೆ ವೆಲೆನ್ಸಿಯಾಕ್ಕಿಂತ ಒಂದು ಕೈ ಮೇಲೆ.

ಬಾಸ್ಕ್ ಭಾಷೆಗೆ ಪ್ರಪಂಚದಲ್ಲಿ ಯಾವ ನೆಂಟ ಭಾಷೆಯೂ ಇಲ್ಲ. ಮೆಟ್ರೋದಲ್ಲಿ 'ಇರ್ತೆಯೆರಾ' ಅಂತ ಬರೆದಿದ್ದರೆ ಹೊರಗೆ ಹೋಗುವ ದಾರಿ ಅಂತ ಊಹಿಸೋಕೂ ದಾರಿಯಿಲ್ಲ. ಎಲ್ಲರಿಗೂ ಸ್ಪ್ಯಾನಿಷ್ ಬರುತ್ತೆ, ಹೆದರಬೇಡಿ. 'ಎಸ್ಕೆರ್ರಿಕ್ ಆಸ್ಕೊ', ಥ್ಯಾಂಕ್ಸ್, ಇಷ್ಟು ಕಲಿತರೆ ಸಾಕು. ಬಾಸ್ಕ್ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಇಟಿಎ ಅನ್ನುವ ಸಶಸ್ತ್ರ ಗುಂಪು 2011ರಲ್ಲಿ ಹಿಂಸೆ ನಿಲ್ಲಿಸಿ, 2018ರಲ್ಲಿ ವಿಸರ್ಜನೆಯಾಯಿತು. ಭಯದ ಊರು ಅನ್ನುವ ಹಳೇ ಚಿತ್ರ ತಲೆಯಲ್ಲಿದ್ದರೆ ತೆಗೆದುಬಿಡಿ. ಕಷ್ಟ ಇರೋದು ಸ್ನೇಹಿತರನ್ನು ಮಾಡಿಕೊಳ್ಳೋದರಲ್ಲಿ. ಶಾಲೆಯಿಂದಲೇ ಬಂದ ಗೆಳೆಯರ ಗುಂಪು, 'ಕ್ವಾದ್ರಿಯ್ಯಾ', ಜೀವನಪೂರ್ತಿ ಒಟ್ಟಿಗಿರುತ್ತದೆ. ಅದರೊಳಗೆ ಸೇರೋಕೆ ನನ್ನ ಸ್ನೇಹಿತನಿಗೆ ಎರಡು ವರ್ಷ ಬೇಕಾಯಿತು. ಸೇರಿದ ಮೇಲೆ ಅವನ ಅಮ್ಮ ಊರಿಂದ ಬಂದಾಗ ಗುಂಪಿಗೆ ಗುಂಪೇ ಏರ್‌ಪೋರ್ಟ್‌ಗೆ ಹೋಗಿತ್ತು. ಭಾರತೀಯರು ತೀರಾ ಕಡಿಮೆ. ಅಡುಗೆ ಸಾಮಾನು ಊರಿಂದಲೇ ಹೊತ್ತು ತರಬೇಕು.

ಉಳಿದ ಊರುಗಳೂ ಇವೆ. ಓದಷ್ಟೇ ಮುಖ್ಯ, ಖರ್ಚು ಕಡಿಮೆ ಇರಬೇಕು ಅಂದರೆ ಸಾಲಮಾಂಕಾ, ಗ್ರನಾಡಾ ನೋಡಿ. ಸಾಲಮಾಂಕಾ ವಿಶ್ವವಿದ್ಯಾಲಯ 1218ರದ್ದು, ಇಡೀ ಊರೇ ಹಾಸ್ಟೆಲ್ ಇದ್ದ ಹಾಗೆ. ಮಾಲಗಾದಲ್ಲಿ ಐಟಿ ಬೆಳೆಯುತ್ತಿದೆ, ಬಾಡಿಗೆ ಅದಕ್ಕಿಂತ ಬೇಗ ಬೆಳೆಯುತ್ತಿದೆ.

ನನ್ನನ್ನು ಕೇಳಿದರೆ

ಸ್ಥಳೀಯ ಕೆಲಸ ಹಿಡಿದು ನೆಲೆ ನಿಲ್ಲುವ ಯೋಚನೆ ಇದ್ದರೆ ಮ್ಯಾಡ್ರಿಡ್. ದೊಡ್ಡ ಮಕ್ಕಳಿರುವ ಸಂಸಾರಕ್ಕೂ ಅದೇ, ಒಂದೇ ಭಾಷೆಯಲ್ಲಿ ಮುಗಿಯುತ್ತದೆ. ಸಂಬಳ ಬೆಂಗಳೂರಿಂದಲೋ ಲಂಡನ್ನಿಂದಲೋ ಬರುತ್ತಿದ್ದರೆ ವೆಲೆನ್ಸಿಯಾ. ಒಂದೇ ವರ್ಷ, ಭಾಷೆ ಕಲಿಯೋಕೆ, ಕೈ ಬಿಗಿ ಇದೆ ಅಂದರೆ ಸೆವಿಯಾ, ಆದರೆ ಸೆಪ್ಟೆಂಬರ್‌ನಲ್ಲಿ ಹೋಗಿ ಜೂನ್‌ನಲ್ಲಿ ಬಿಟ್ಟುಬಿಡಿ. ಸಣ್ಣ ಮಗು ಇದ್ದು ಹತ್ತು ವರ್ಷ ಅಲ್ಲೇ ಅಂತಿದ್ದರೆ ಬಾರ್ಸಿಲೋನಾ, ಬಿಲ್ಬಾವೊ ಎರಡೂ ಆಗುತ್ತವೆ, ಮಗು ಮೂರು ಭಾಷೆಯಲ್ಲಿ ಬೆಳೆಯುತ್ತದೆ. ಮನೆಯಲ್ಲಿ ಕನ್ನಡ ಬಿಡದಿದ್ದರೆ ನಾಲ್ಕು.

ಯಾವ ಊರಾದರೂ ಸರಿ, ಕರಾರಿಗೆ ಸಹಿ ಹಾಕುವ ಮುಂಚೆ ಓನರ್‌ಗೆ ಈ ಒಂದು ಪ್ರಶ್ನೆ ಕೇಳಿ: 'ಮೆ ಪುಯೆದೊ ಎಂಪಾದ್ರೊನಾರ್ ಅಕೀ?' ಈ ವಿಳಾಸದಲ್ಲಿ ನಗರಸಭೆಯ ಪಟ್ಟಿಗೆ ಹೆಸರು ಸೇರಿಸಬಹುದಾ ಅಂತ. ಆಸ್ಪತ್ರೆ ಕಾರ್ಡು, ಮಕ್ಕಳ ಶಾಲೆ ಸೀಟು, ವಾಸದ ಪರವಾನಗಿ ಕಾರ್ಡು ಎಲ್ಲದಕ್ಕೂ ಆ ಪಟ್ಟಿಯ ಒಂದು ಹಾಳೆ ಬೇಕು. ಓನರ್ "ನೋಡೋಣ, ಆಮೇಲೆ" ಅಂತ ರಾಗ ಎಳೆದರೆ ಅಡ್ವಾನ್ಸ್ ಕೊಡಬೇಡಿ. ಮುಂದಿನ ಮನೆ ನೋಡಿ.